ಹಡಗು ನಿಂತಿರುವುದೇ ಕಾಯಲಿನೊಳಗೆ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಕಡಲು ತಣ್ಣಗಾಗುತ್ತಿದ್ದಂತೆ ಪಶ್ಚಿಮ ಕರಾವಳಿಯ ಬಂದರುಗಳಿಗೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಏಪ್ರಿಲ್ ತನಕ ಅವುಗಳದೇ ಹಂಗಾಮು. ಮುಂಬೈಯಿಂದ ಕೊಚ್ಚಿಗೆ, ಅಲ್ಲಿಂದ ಲಕ್ಷದ್ವೀಪಕ್ಕೆ ಹೋಗುವ ಕ್ರೂಸ್ ಹಡಗುಗಳಲ್ಲಿ ಕನ್ನಡಿಗರೂ ಇರುತ್ತಾರೆ. ಕೊಚ್ಚಿಯಲ್ಲಿ ಹಡಗು ನಿಲ್ಲುವುದು ಹೆಚ್ಚೆಂದರೆ ಎಂಟು-ಹತ್ತು ಗಂಟೆ. ಅಷ್ಟರಲ್ಲಿ ಕೇರಳದ ಹಿನ್ನೀರನ್ನು ನೋಡಿ ಬರಬೇಕು ಎಂಬುದು ಎಲ್ಲರ ಆಸೆ. ಪ್ರವಾಸ ಪುಟಗಳಲ್ಲಿ ಬರುವ ಚಿತ್ರ ಮಾತ್ರ ಯಾವಾಗಲೂ ಒಂದೇ: ಅಲಪ್ಪುಳದ ಹೌಸ್‌ಬೋಟು. ಎರಡು ದಿನ ಬಿಡುವು ಮಾಡಿಕೊಂಡು ರೈಲಿನಲ್ಲಿ ಹೋದವರಿಗೆ ಅದು ಸರಿ. ಹಡಗಿನಿಂದ ಬೆಳಿಗ್ಗೆ ಇಳಿದು ಸಂಜೆ ಹತ್ತಬೇಕಾದವರಿಗೆ ಅದು ಬಹುಪಾಲು ತಪ್ಪು ಆಯ್ಕೆ. ಯಾಕೆ, ಬದಲಿಗೆ ಏನು ಮಾಡಬಹುದು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮೆ ಇರಲಿ.

ಮೊದಲು ಒಂದು ಪದದ ವಿಚಾರ. ನಮಗೆ ಹಿನ್ನೀರು ಅಂದರೆ ಅಣೆಕಟ್ಟಿನ ಹಿಂದೆ ನಿಂತ ನೀರು. ಲಿಂಗನಮಕ್ಕಿಯದ್ದು, ಕನ್ನಂಬಾಡಿಯದ್ದು. ಕೇರಳದವರು ಕಾಯಲ್ ಅನ್ನುವುದು ಬೇರೆಯದೇ ಜಾತಿ. ಹೊಳೆಗಳು ಕಡಲಿಗೆ ಸೇರುವ ಮುನ್ನ ಮರಳಿನ ದಿಬ್ಬಗಳ ಹಿಂದೆ ಹರಡಿಕೊಂಡ ಸಪ್ಪೆ-ಉಪ್ಪು ಬೆರೆತ ನೀರು ಅದು. ಅಳಿವೆಯ ಮೂಲಕ ದಿನಕ್ಕೆರಡು ಸಲ ಭರತ ಒಳಗೆ ಬರುತ್ತದೆ, ಇಳಿತ ಹೊರಗೆ ಹೋಗುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಮುಂದಿನ ಅರ್ಧ ಮಾತು ತಾನಾಗಿ ಅರ್ಥವಾಗುತ್ತದೆ.

ವೇಂಬನಾಡ್ ಕಾಯಲ್ ಉದ್ದ ಸುಮಾರು 96 ಕಿಲೋಮೀಟರ್. ತೆಂಕಣ ತುದಿ ಅಲಪ್ಪುಳದ ಕಡೆ. ಕಡಲಿಗೆ ತೆರೆದುಕೊಳ್ಳುವ ಅಳಿವೆ ಕೊಚ್ಚಿಯಲ್ಲಿ. ಬಂದರು ಇರುವುದು ಅದೇ ಅಳಿವೆಯ ಒಳಗೆ. ಹಡಗು ಕಟ್ಟುವ ವಿಲ್ಲಿಂಗ್ಡನ್ ದ್ವೀಪ ಹುಟ್ಟಿದ್ದೇ ಕಾಯಲಿನ ಹೂಳಿನಿಂದ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ 1920-30ರ ದಶಕಗಳಲ್ಲಿ ಬಂದರಿಗಾಗಿ ನೀರಿನ ತಳ ತೋಡಿಸಿದಾಗ ಮೇಲೆ ಬಂದ ಮಣ್ಣನ್ನು ಗುಡ್ಡೆ ಹಾಕಿ ಮಾಡಿದ ನೆಲ ಅದು. ಅಂದರೆ ಪ್ರಯಾಣಿಕ ಹಡಗಿನ ಏಣಿ ಇಳಿದು ಕಾಲಿಡುವ ಹೊತ್ತಿಗಾಗಲೇ ಅವನು ಕಾಯಲಿನ ನಡುವೆ ಇರುತ್ತಾನೆ. ಅದೇ ಕಾಯಲನ್ನು ನೋಡಲು ಅಲ್ಲಿಂದ 55 ಕಿಲೋಮೀಟರ್ ರಸ್ತೆಯಲ್ಲಿ ಹೋಗಿ, 55 ಕಿಲೋಮೀಟರ್ ವಾಪಸು ಬರುವುದೇ ಈ ಹೌಸ್‌ಬೋಟಿನ ಯೋಜನೆ.

ಗಡಿಯಾರ ಹಿಡಿದು ಲೆಕ್ಕ ಹಾಕೋಣ. ಹಡಗು ಬೆಳಿಗ್ಗೆ 8ಕ್ಕೆ ಧಕ್ಕೆಗೆ ತಾಗಿ ಸಂಜೆ 6ಕ್ಕೆ ಹೊರಡುತ್ತದೆ ಅಂತಿಟ್ಟುಕೊಳ್ಳಿ. ತಾಗಿದ ತಕ್ಷಣ ಯಾರನ್ನೂ ಇಳಿಸುವುದಿಲ್ಲ. ಬಂದರು, ಕಸ್ಟಮ್ಸ್, ವಲಸೆ ವಿಭಾಗದವರ ಒಪ್ಪಿಗೆ ಸಿಗಬೇಕು. ಹೊರದೇಶದಿಂದ ಬಂದ ಹಡಗಿಗೆ ಕೊಚ್ಚಿಯೇ ಭಾರತದ ಮೊದಲ ಬಂದರಾಗಿದ್ದರೆ ಪ್ರತಿಯೊಬ್ಬರ ಪಾಸ್‌ಪೋರ್ಟೂ ನೋಡಬೇಕಾಗಿ ಇನ್ನಷ್ಟು ತಡ. ಗೇಟು ದಾಟುವಾಗ 9.15 ಆಯಿತು ಅನ್ನಿ. ಸಂಜೆ ಹಡಗು ಹೊರಡುವ ಗಂಟೆಗೆ ಬಂದರೆ ಆಗದು. ಏಣಿ ಎತ್ತುವ ಮೊದಲು ಎಲ್ಲರೂ ಒಳಗಿರಬೇಕಾದ ಗಡುವು ಅದಕ್ಕೂ ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ ಮುಂಚೆ. ಅದು 5 ಗಂಟೆಯಾದರೆ ನೀವು ಬಂದರಿನ ಗೇಟಿನಲ್ಲಿ ಇರಬೇಕಾದದ್ದು 4ಕ್ಕೆ. ಈ ಒಂದು ಗಂಟೆಯ ಉಳಿಕೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕೈಯಲ್ಲಿ ಉಳಿಯುವುದು ಆರೂಮುಕ್ಕಾಲು ಗಂಟೆ.

ಅಲಪ್ಪುಳಕ್ಕೆ ಹೋಗುವ ದಾರಿ ಕುಂಡನ್ನೂರು, ಅರೂರು, ತುರವೂರು, ಚೇರ್ತಲ ಮೂಲಕ ರಾಷ್ಟ್ರೀಯ ಹೆದ್ದಾರಿ 66. ದಾರಿ ಬಿಡುವಾಗಿದ್ದರೆ ಒಂದೂವರೆ ಗಂಟೆ. ಅರೂರಿನಿಂದ ತುರವೂರಿನ ತನಕ 12.75 ಕಿಲೋಮೀಟರ್ ಉದ್ದದ ಮೇಲ್ಸೇತುವೆಯ ಕಾಮಗಾರಿ ಪೂರ್ತಿ ಮುಗಿದು ಸಂಚಾರ ಸರಾಗವಾಗುವ ತನಕ ಹೋಗಲು ಎರಡು, ಬರಲು ಎರಡು ಗಂಟೆ ಎಂದೇ ಹಿಡಿಯಬೇಕು. ಚೆಲ್ಲಾನಂ ಕಡೆಯ ಕರಾವಳಿ ರಸ್ತೆ ಇದೆ, ಆದರೆ ಅದು ಕಿರಿದು. ಕಾರಿಗೆ ಆದೀತು, ದೊಡ್ಡ ಬಸ್ಸಿಗೆ ಕಷ್ಟ. ಎರ್ನಾಕುಲಂನಿಂದ ರೈಲೂ ಇದೆ. ಹೋಗಲು ಅದನ್ನು ನಂಬಬಹುದೇನೋ, ವಾಪಸಿಗೆ ನಂಬಬಾರದು. ನಾಲ್ಕು ಗಂಟೆ ರಸ್ತೆಗೆ ಹೋಯಿತು. ವಾಹನ ನಿಲ್ಲಿಸಿ, ಜೆಟ್ಟಿಗೆ ನಡೆದು, ದೋಣಿಗೆ ಕಾಯಲು ಅರ್ಧ ಗಂಟೆ. ಊಟಕ್ಕೆ ಮುಕ್ಕಾಲು ಗಂಟೆ. ನೀರಿನ ಮೇಲೆ ಉಳಿಯುವುದು ಒಂದೂವರೆ ಗಂಟೆ. ಹೌಸ್‌ಬೋಟಿನ ಹಗಲು ಪ್ರವಾಸವೇ ಹನ್ನೊಂದರ ಸುಮಾರಿಗೆ ಶುರುವಾಗಿ ಸಂಜೆ ಐದರ ತನಕ ಇರುವಂಥದ್ದು. ಪೂರ್ತಿ ಹಣ ಕೊಟ್ಟು ಕಾಲು ಭಾಗ ನೋಡಿ, ಮೀನು ಇನ್ನೂ ಬಾಣಲೆಯಲ್ಲಿರುವಾಗಲೇ ಎದ್ದು ಬರುವ ಪರಿಸ್ಥಿತಿ.

ಇನ್ನೊಂದು ವಿಷಯ ಹೌಸ್‌ಬೋಟಿನ ಆಕಾರಕ್ಕೇ ಸೇರಿದ್ದು. ಹಳೆಯ ಕೆಟ್ಟುವಳ್ಳಂ ಸುಮಾರು 30 ಟನ್ ಅಕ್ಕಿ ಹೊರುತ್ತಿದ್ದ ಸರಕಿನ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಪ್ಪಾಗಿಸಿದ್ದು. ಕೆಟ್ಟು ಅಂದರೆ ಕಟ್ಟು, ವಳ್ಳಂ ಅಂದರೆ ದೋಣಿ. ಅದರ ಮೇಲೆ ಬಿದಿರು-ಚಾಪೆಯ ಮನೆ ಕಟ್ಟಿ, ಎಂಜಿನ್ ಕೂರಿಸಿ, ಎಸಿ ಹಾಕಿದರೆ ಇಂದಿನ ಹೌಸ್‌ಬೋಟು. ನೋಡಲು ಚಂದ. ಆದರೆ ಅಷ್ಟು ಉದ್ದ-ಅಗಲದ್ದು ತೋಡುಗಳೊಳಗೆ, ಅಂದರೆ ಸಣ್ಣ ಕಾಲುವೆಗಳೊಳಗೆ, ನುಗ್ಗುವುದಿಲ್ಲ. ಅಗಲ ನೀರಿನಲ್ಲಿ, ಇತರ ಹೌಸ್‌ಬೋಟುಗಳ ಸಾಲಿನಲ್ಲಿ, ಡೀಸೆಲ್ ವಾಸನೆಯ ನಡುವೆ ಸಾಗುತ್ತದೆ. ಹಳ್ಳಿ, ಹಿತ್ತಿಲು, ಬಟ್ಟೆ ಒಗೆಯುವ ಕಲ್ಲು, ಹಗ್ಗ ಹೊಸೆಯುವ ಚಕ್ರ ಎಲ್ಲ ಇರುವುದು ತೋಡಿನ ಒಳಗೆ. ತೋಡು ಎಂಬ ಪದವನ್ನು ನಮ್ಮ ದಕ್ಷಿಣ ಕನ್ನಡದವರಿಗೆ ವಿವರಿಸಬೇಕಿಲ್ಲ. ಅಲ್ಲೂ ಅದೇ ಪದ, ಅದೇ ಅರ್ಥ. ದೋಣಿ ತಂಗುವ ಜಾಗಕ್ಕೆ ಕಡವು ಅನ್ನುವುದೂ ನಮಗೆ ಹೊಸದಲ್ಲ.

ಕೊಚ್ಚಿಯ ಆಸುಪಾಸಿನಲ್ಲಿ ‘ಬ್ಯಾಕ್‌ವಾಟರ್ ಟೂರ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ. ಬುಕ್ ಮಾಡುವವರು ಮೊದಲು ಕೇಳಬೇಕಾದದ್ದು ಇದು ಮೂರರಲ್ಲಿ ಯಾವುದು ಎಂದೇ. ಒಂದು, ಎರ್ನಾಕುಲಂ ಮರೈನ್ ಡ್ರೈವ್ ಅಥವಾ ಹೈಕೋರ್ಟ್ ಜೆಟ್ಟಿಯಿಂದ ಹೊರಡುವ ಬಂದರು ಸುತ್ತಾಟ. ಬೋಲ್ಗಾಟ್ಟಿ, ವಲ್ಲಾರ್‌ಪಾಡಂ ದ್ವೀಪಗಳು, ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು ದೂರದಿಂದ ಕಾಣುತ್ತವೆ. ಕೇರಳ ಸರ್ಕಾರದ ಒಳನಾಡು ಜಲಸಾರಿಗೆ ನಿಗಮದ ‘ಸಾಗರರಾಣಿ’ ಈ ಬಗೆಯದು. ಕೆಟ್ಟದ್ದಲ್ಲ, ಆದರೆ ಕ್ರೇನು, ಕಂಟೇನರು, ಹಡಗುಗಳನ್ನು ಹಡಗಿನ ಮೇಲ್ಮಾಳಿಗೆಯಿಂದಲೇ ನೋಡಿ ಬಂದವರಿಗೆ ಅದನ್ನೇ ಇನ್ನೊಮ್ಮೆ ತೋರಿಸಿದಂತೆ. ಎರಡು, ಮೋಟಾರು ಶಿಕಾರ: ಮೇಲೆ ಚಾವಣಿ, ಮೆತ್ತನೆ ಆಸನ, ಅಗಲ ಕಾಯಲಿಗೆ ಸೂಕ್ತ. ಮೂರು, ಜಲ್ಲೆ ಊರಿ ನಡೆಸುವ ನಾಡದೋಣಿ. ಎಂಜಿನ್ ಇಲ್ಲ, ಸದ್ದಿಲ್ಲ, ತೋಡಿನೊಳಗೆ ಮನೆಯಂಗಳ ಸವರಿಕೊಂಡು ಹೋಗುತ್ತದೆ. ಹಡಗಿನವರಿಗೆ ಮೂರನೆಯದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೆಳಿಗ್ಗೆ ನಾಡದೋಣಿ, ಆಮೇಲೆ ಸ್ವಲ್ಪ ಹೊತ್ತು ಶಿಕಾರ ಎಂದು ಎರಡನ್ನೂ ಸೇರಿಸುವವರಿದ್ದಾರೆ. ಸಮಯವಿದ್ದರೆ ಅದು ಒಳ್ಳೆಯ ಜೋಡಣೆ.

ಎಲ್ಲಿಗೆ ಹೋಗಬೇಕು? ಎಲ್ಲಕ್ಕಿಂತ ಹತ್ತಿರದ್ದು ಕುಂಬಳಂಗಿ. ಬಂದರಿನಿಂದ ಮುಕ್ಕಾಲು ಗಂಟೆಯೊಳಗಿನ ದಾರಿ. ಮಾದರಿ ಪ್ರವಾಸಿ ಗ್ರಾಮವೆಂದು 2003ರಲ್ಲಿ ಹೆಸರಾದ ಊರು. ಸಣ್ಣ ಚೀನಾ ಬಲೆಗಳು, ಏಡಿ ಸಾಕಣೆ, ಸಿಗಡಿ ಗದ್ದೆಗಳು ಇಲ್ಲಿವೆ. ಆ ಗದ್ದೆಗಳನ್ನು ಬರೀ ನೀರು ನಿಂತ ಬಯಲು ಎಂದುಕೊಂಡು ದಾಟಿಬಿಡಬೇಡಿ. ಪೊಕ್ಕಾಳಿ ಎಂಬ ಉಪ್ಪುನೀರು ತಾಳುವ ಭತ್ತವನ್ನು ಮಳೆಗಾಲದಲ್ಲಿ, ಉಪ್ಪು ತೊಳೆದುಹೋದಾಗ ಬೆಳೆಯುತ್ತಾರೆ. ಕಟಾವಾದ ಮೇಲೆ ನವೆಂಬರ್‌ನಿಂದ ಏಪ್ರಿಲ್ ತನಕ ತೂಬು ತೆರೆದು ಭರತದ ನೀರಿನೊಂದಿಗೆ ಸಿಗಡಿಮರಿಗಳನ್ನು ಒಳಬಿಟ್ಟುಕೊಳ್ಳುತ್ತಾರೆ. ಭತ್ತದ ಕೂಳೆ ಕೊಳೆತು ಸಿಗಡಿಗೆ ಮೇವು, ಸಿಗಡಿಯ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಕುಮಟಾದ ಅಘನಾಶಿನಿ ದಂಡೆಯ ಗಜನಿ ಗದ್ದೆ, ಕಗ್ಗ ಭತ್ತ ಕಂಡವರಿಗೆ ಇದು ಪಕ್ಕಾ ದಾಯಾದಿ ಎಂದು ತಟ್ಟನೆ ಹೊಳೆಯುತ್ತದೆ. ಹಡಗಿನ ಹಂಗಾಮಿನಲ್ಲಿ ಹೋದವರಿಗೆ ಬಹುಮಟ್ಟಿಗೆ ಕಾಣುವುದು ಸಿಗಡಿಯ ಪಾಳಿಯೇ. ಕೊಚ್ಚಿಯ ಬಡಗಣ ದಿಕ್ಕಿನ ಕಡಮಕ್ಕುಡಿ ದ್ವೀಪಗಳೂ ಇಂಥವೇ. ಹಕ್ಕಿ ನೋಡುವವರಿಗೆ ಅದು ಹೆಚ್ಚು ಹಿಡಿಸೀತು. ತುಸು ದೂರ, ಸುಮಾರು 35 ಕಿಲೋಮೀಟರ್, ವೈಕ್ಕಂ ಕಡೆಯ ಹಳ್ಳಿ ತೋಡುಗಳು. ನಾರಿನ ಹಗ್ಗ ಹೊಸೆಯುವುದು, ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವುದು, ಕಳ್ಳು ಇಳಿಸುವುದು, ಇವನ್ನೆಲ್ಲ ತೋರಿಸುವ ಮಾರ್ಗದರ್ಶಕರ ದೋಣಿ ಪ್ರವಾಸಗಳು ಹೆಚ್ಚು ನಡೆಯುವುದು ಆ ಭಾಗದಲ್ಲಿ.

ಹತ್ತಿರ ಎಂಬ ಒಂದೇ ಕಾರಣಕ್ಕೆ ಇವನ್ನು ಹೇಳುತ್ತಿಲ್ಲ. ಹಡಗಿನ ಹಂಗಾಮಿಗೂ ತಣ್ಣೀರ್‌ಮುಕ್ಕಂ ಒಡ್ಡಿಗೂ ಒಂದು ಸಂಬಂಧವಿದೆ. ಅಲಪ್ಪುಳದ ಸುತ್ತಿನ ತಗ್ಗುಸೀಮೆ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಅರ್ಧ ಮೀಟರಿನಿಂದ ಎರಡು ಮೀಟರಿನಷ್ಟು ಕೆಳಗಿವೆ. ಬೇಸಿಗೆಯಲ್ಲಿ ಹೊಳೆಗಳ ಹರಿವು ಇಳಿದಾಗ ಉಪ್ಪುನೀರು ಒಳನುಗ್ಗಿ ಪುಂಜ ಎಂಬ ಬೇಸಿಗೆ ಭತ್ತದ ಬೆಳೆಯನ್ನು ಸುಡದಿರಲಿ ಎಂದು 1970ರ ದಶಕದಲ್ಲಿ ಕಾಯಲಿಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂನಲ್ಲಿ ಒಡ್ಡು ಕಟ್ಟಿದರು. ಡಿಸೆಂಬರ್ ನಡುವಿನ ಸುಮಾರಿಗೆ ಅದರ ಬಾಗಿಲು ಹಾಕಿದರೆ ತೆಗೆಯುವುದು ಕೊಯ್ಲಿನ ಆಸುಪಾಸಿನಲ್ಲಿ. ಅಷ್ಟು ದಿನ ಒಡ್ಡಿನ ತೆಂಕಣಕ್ಕೆ, ಅಂದರೆ ಅಲಪ್ಪುಳ-ಕುಮರಕಂ ಕಡೆಗೆ, ಭರತವಿಳಿತವಿಲ್ಲ. ಅಲ್ಲಿನ ನೀರು ಆಗ ನಮ್ಮ ಅರ್ಥದ ಹಿನ್ನೀರೇ ಆಗಿಬಿಡುತ್ತದೆ: ನಿಂತ ನೀರು. ಸಪ್ಪೆ ನೀರಿನಲ್ಲಿ ಅಂತರಗಂಗೆ, ಅಂದರೆ ನೇರಳೆ ಹೂವಿನ ತೇಲುಕಳೆ, ಹಾಸಿಗೆ ಹಾಸಿದಂತೆ ಬೆಳೆಯುತ್ತದೆ. ಎಂಜಿನ್ ದೋಣಿಯ ಪಂಖಕ್ಕೆ ಅದರ ಬೇರು ಸುತ್ತಿಕೊಂಡರೆ ದೋಣಿ ನಿಲ್ಲಿಸಿ, ಎಂಜಿನ್ ಹಿಂದಕ್ಕೆ ತಿರುಗಿಸಿ, ಆಗದಿದ್ದರೆ ಯಾರಾದರೂ ನೀರಿಗಿಳಿದು ಕತ್ತಿಯಿಂದ ಬಿಡಿಸಬೇಕು. ಇಪ್ಪತ್ತು ನಿಮಿಷ ಹೋಯಿತು. ಒಡ್ಡಿನ ಬಡಗಣಕ್ಕಿರುವ ವೈಕ್ಕಂ, ಕುಂಬಳಂಗಿ, ಕಡಮಕ್ಕುಡಿಗಳಲ್ಲಿ ಕಡಲಿನ ನೀರು ಆಡುತ್ತಲೇ ಇರುತ್ತದೆ. ಮಳೆಗಾಲದ ಕೊನೆಗೆ ಹೊಳೆ ತೇಲಿಸಿ ತಂದ ಕಳೆ ಅಲ್ಲೂ ಕಾಣುತ್ತದೆ, ಆದರೆ ಬೇಸಿಗೆ ಬಂದು ನೀರು ಉಪ್ಪೇರಿದಂತೆ ಸತ್ತುಹೋಗುತ್ತದೆ.

ಇಷ್ಟು ಹೇಳಿ ಕುಟ್ಟನಾಡಿಗೆ ಅನ್ಯಾಯ ಮಾಡಬಾರದು. ದೋಣಿ ಮೇಲೆ, ಗದ್ದೆ ಕೆಳಗೆ. ಬದುವಿನ ಆಚೆ ಭತ್ತದ ತಲೆ ನಮ್ಮ ಕಾಲಿನ ಮಟ್ಟಕ್ಕೆ ಕಾಣುವ ನೋಟ ಬೇರೆಲ್ಲೂ ಸಿಗದು. ನವೆಂಬರ್ ಹೊತ್ತಿಗೆ ಗದ್ದೆಯ ನೀರನ್ನು ಪಂಪು ಹಚ್ಚಿ ಕಾಲುವೆಗೆ ಎತ್ತಿಹಾಕಿ ಬಿತ್ತುತ್ತಾರೆ, ಜನವರಿಯಲ್ಲಿ ಹಸಿರು ತುಂಬಿರುತ್ತದೆ, ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಲು. ಹಡಗು ಬೆಳಿಗ್ಗೆ 7ಕ್ಕೇ ತಾಗಿ ರಾತ್ರಿ 9ರ ನಂತರ ಹೊರಡುವಂತಿದ್ದರೆ, ಅಥವಾ ರಾತ್ರಿ ಅಲ್ಲೇ ತಂಗುವಂತಿದ್ದರೆ, ಖಂಡಿತ ಹೋಗಿ. ಹೋದರೂ ಹೌಸ್‌ಬೋಟ್ ಬೇಡ, ಶಿಕಾರ ಹಿಡಿಯಿರಿ. ಅಲಪ್ಪುಳದಲ್ಲಿ ಶಿಕಾರದ ಬಾಡಿಗೆ ತಲೆಗೆ ಇಷ್ಟೆಂದಲ್ಲ, ದೋಣಿಗೆ ಗಂಟೆಗೆ ಇಷ್ಟೆಂದು. ನಾಲ್ವರಿದ್ದರೂ ಇಬ್ಬರಿದ್ದರೂ ಅಷ್ಟೇ. ತಲೆಲೆಕ್ಕ ಹೇಳುವವನು ನಡುವಿನ ದಲ್ಲಾಳಿ.

ಹಡಗಿನವರೇ ಮಾರುವ ಪ್ರವಾಸವೋ, ಹೊರಗಿನದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹಡಗಿನದು ದುಬಾರಿ, ಬಸ್ಸಿನಲ್ಲಿ ನಲವತ್ತು ಜನ, ಎಲ್ಲರೂ ಹತ್ತುವ ತನಕ ಕಾಯಬೇಕು. ಆದರೆ ಅವರ ಬಸ್ಸು ಸಿಕ್ಕಿಹಾಕಿಕೊಂಡರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಮಾಡಿಕೊಂಡ ಟ್ಯಾಕ್ಸಿ ಸಿಕ್ಕಿಹಾಕಿಕೊಂಡರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮದೇ ಖರ್ಚು. ಮುಂಬೈ-ಕೊಚ್ಚಿ-ಲಕ್ಷದ್ವೀಪದ ಹಡಗಾದರೆ ಇನ್ನೊಂದು ತೊಡಕು: ಲಕ್ಷದ್ವೀಪಕ್ಕೆ ಕಾಲಿಡಲು ಪ್ರವೇಶ ಪರವಾನಗಿ ಬೇಕು. ಹಡಗು ತಪ್ಪಿಸಿಕೊಂಡವರು ವಿಮಾನ ಹಿಡಿದು ಅಗತ್ತಿಗೆ ಓಡಿ ಹತ್ತಿಕೊಳ್ಳುತ್ತೇವೆ ಅಂದುಕೊಂಡರೆ ಅದು ಅಷ್ಟು ಸಲೀಸಲ್ಲ. ಆದ್ದರಿಂದ ನಮ್ಮ ಲೆಕ್ಕ ಹೀಗೆ: ಅಲಪ್ಪುಳಕ್ಕಾದರೆ ಹಡಗಿನ ಪ್ರವಾಸವೇ ಸರಿ, ಕುಂಬಳಂಗಿಯಂಥ ಹತ್ತಿರದ ಜಾಗಕ್ಕೆ ಸ್ವಂತ ವ್ಯವಸ್ಥೆಯೂ ನಡೆಯುತ್ತದೆ.

ಸ್ವಂತವಾಗಿ ಬುಕ್ ಮಾಡುವಾಗ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಹೊರಡುವ ಜೆಟ್ಟಿಯ ಹೆಸರೇನು? ನೀರಿನ ಮೇಲೆ ನಿಜವಾಗಿ ಎಷ್ಟು ಹೊತ್ತು? ‘ನಾಲ್ಕು ಗಂಟೆಯ ದೋಣಿ ಪ್ರವಾಸ’ ಎಂಬುದರಲ್ಲಿ ಎರಡು ಗಂಟೆ ವ್ಯಾನಿನದ್ದಾಗಿರುವುದು ಮಾಮೂಲು. ಒಂದು ದೋಣಿಗೆ ಎಷ್ಟು ಜನ? ಶೌಚಾಲಯ ಎಲ್ಲಿ? ನಾಡದೋಣಿಯಲ್ಲೂ ಸಣ್ಣ ಶಿಕಾರದಲ್ಲೂ ಇರುವುದಿಲ್ಲ, ಹಳ್ಳಿಯ ಮನೆಯಲ್ಲೋ ಊಟದ ಜಾಗದಲ್ಲೋ ವ್ಯವಸ್ಥೆ ಇರಬೇಕು. ಹವಾಮಾನ ಕೆಟ್ಟು ಹಡಗು ಕೊಚ್ಚಿಗೆ ಬರದೇ ಹೋದರೆ ಮುಂಗಡ ವಾಪಸ್ಸೇ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಜಗಳ. ಹೊರಗಿನ ಟ್ಯಾಕ್ಸಿಯನ್ನು ಪಾಸಿಲ್ಲದೆ ಬಂದರಿನ ಒಳಗೆ ಬಿಡುವುದಿಲ್ಲವಾದ್ದರಿಂದ ಚಾಲಕನಿಗೆ ಗೇಟಿನ ಹೊರಗೆ ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿಸಿರಬೇಕು. ದೇಶೀಯ ಯಾನವಾದರೆ ಹಡಗಿನ ಕಾರ್ಡಿನೊಂದಿಗೆ ಆಧಾರ್‌ನಂಥ ಮೂಲ ಗುರುತುಪತ್ರ, ವಿದೇಶ ಮುಟ್ಟಿ ಬಂದ ಹಡಗಾದರೆ ಪಾಸ್‌ಪೋರ್ಟು ಮತ್ತು ಇಳಿಯುವಾಗ ಕೊಡುವ ಚೀಟಿ ಕೈಯಲ್ಲಿರಲಿ. ವಿಲ್ಲಿಂಗ್ಡನ್ ದ್ವೀಪದಲ್ಲಿ ನೌಕಾಪಡೆಯ ನೆಲೆ ಇದೆ. ಡ್ರೋನು ಹಾರಿಸುವ ಯೋಚನೆಯನ್ನು ಹಡಗಿನಲ್ಲೇ ಬಿಟ್ಟು ಬನ್ನಿ.

ಈಗ ದೋಣಿಯ ವಿಷಯ. ಇಲ್ಲಿ ಸಂಕೋಚ ಮಾಡಬಾರದು. ಮೋಟಾರು ದೋಣಿಗಳಿಗೆ ನೋಂದಣಿ ಕಡ್ಡಾಯ. ಕೆಐವಿ ಎಂದು ಶುರುವಾಗುವ ಸಂಖ್ಯೆ ಮೈಮೇಲೆ ಬರೆದಿರಬೇಕು, ಎಷ್ಟು ಜನರಿಗೆ ಅನುಮತಿ ಎಂಬುದೂ ಕಾಣುವಂತಿರಬೇಕು. ಓಡಿಸುವವನನ್ನು ಅಲ್ಲಿ ಸ್ರಾಂಗ್ ಅನ್ನುತ್ತಾರೆ, ನಮ್ಮ ಕಡೆಯ ತಾಂಡೇಲನಂತೆ. ಅವನಿಗೆ ಪರವಾನಗಿ ಇರಬೇಕು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿದ ದೋಣಿ ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ್ದು. ಮಿತಿ ಮೀರಿ ಜನ, ಕತ್ತಲಾದ ಮೇಲಿನ ಸವಾರಿ. ಸತ್ತವರು 22 ಮಂದಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ ಸತ್ತಾಗ ದೋಣಿಯಲ್ಲಿದ್ದವರು ಪ್ರಾಣಿಗಳನ್ನು ನೋಡಲು ಒಂದೇ ಬದಿಗೆ ನುಗ್ಗಿದ್ದರು. ಎರಡರಲ್ಲೂ ಮೇಲ್ಮಾಳಿಗೆಯ ದೋಣಿ. ಭಾರ ಮೇಲೇರಿದಷ್ಟೂ ದೋಣಿ ಓಲಾಡಿದಾಗ ನೆಟ್ಟಗೆ ಮರಳುವ ಶಕ್ತಿ ಕುಂದುತ್ತದೆ. ಅದರ ಮೇಲೆ ಹತ್ತು ಜನ ಫೋಟೊಗಾಗಿ ಒಂದು ಕಡೆ ಓಡಿದರೆ ಮುಗಿಯಿತು. ಮೇಲ್ಮಾಳಿಗೆಯ ದೋಣಿ ಸಿಕ್ಕರೆ ಕೆಳಗೇ ಕೂರಿ.

ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಚಾವಣಿಗೆ ಸಿಕ್ಕಿಸಿಟ್ಟ ಜಾಕೆಟ್ ದೋಣಿ ಮಗುಚಿದಾಗ ಕೈಗೆ ಸಿಗುವುದಿಲ್ಲ. ಹಾಕಿಕೊಂಡು ಎಲ್ಲ ಬಕಲ್ ಬಿಗಿದು, ಇನ್ನೊಬ್ಬರಿಂದ ಭುಜದ ಬಳಿ ಮೇಲಕ್ಕೆ ಎಳೆಸಿ ನೋಡಿ. ಗಲ್ಲದ ಮೇಲೆ ಏರಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸುವುದು ತೊಡಿಸದಿದ್ದಷ್ಟೇ ಅಪಾಯ, ನೀರಿಗೆ ಬಿದ್ದಾಗ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ. ಮಕ್ಕಳ ಅಳತೆಯದು ಬೇಕು ಎಂದು ಬುಕ್ ಮಾಡುವಾಗಲೇ ಹೇಳಿ.

ನಾಡದೋಣಿಯನ್ನು ಕಣ್ಣಳತೆಯಿಂದಲೇ ಪರೀಕ್ಷಿಸಬೇಕು. ತಳದಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ, ಹೊಲಿಗೆಯ ದೋಣಿ ತುಸು ಜಿನುಗುವುದು ಸಹಜ. ಎತ್ತಿಹಾಕಲು ಪಾತ್ರೆ ಇದೆಯೇ ನೋಡಿ. ಎಲ್ಲರೂ ಕೂತ ಮೇಲೆ ದೋಣಿಯ ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿಯದಿದ್ದರೆ ಇಬ್ಬರು ಇಳಿಯಲೇಬೇಕು. ಹತ್ತುವಾಗ ಒಬ್ಬೊಬ್ಬರೇ ಹತ್ತಬೇಕು. ಅಂಚಿನ ಮೇಲೆ ಕಾಲಿಡದೆ ನಡುಮಧ್ಯಕ್ಕೆ ಹೆಜ್ಜೆ ಹಾಕಿ, ಬಗ್ಗಿ, ತಕ್ಷಣ ಕೂರಬೇಕು. ನಿಂತು ಸೆಲ್ಫಿ ತೆಗೆದುಕೊಳ್ಳುವವರಿಂದಾಗಿಯೇ ಅಂಬಿಗರ ಬೈಗುಳದ ಶಬ್ದಭಂಡಾರ ಬೆಳೆದಿದೆ. ಭಾರದವರೆಲ್ಲ ಒಂದೇ ಕಡೆ ಸೇರದಂತೆ ಅಂಬಿಗ ಕೂರಿಸಿದ ಜಾಗದಲ್ಲೇ ಕೂರಿ, ನಡುವೆ ಜಾಗ ಬದಲಿಸಬೇಡಿ. ಮಂಡಿನೋವಿನವರು ಮೊದಲೇ ತಿಳಿಸಿದರೆ ಎತ್ತರದ ಬೆತ್ತದ ಕುರ್ಚಿ ಇರುವ ದೋಣಿ ಕೊಡುತ್ತಾರೆ; ಇಲ್ಲದಿದ್ದರೆ ಹಲಗೆಯಿಂದ ಏಳುವುದೇ ಪಜೀತಿ.

ಭರತವಿಳಿತ ಕೊಚ್ಚಿಯಲ್ಲಿ ಹೆಚ್ಚೆಂದರೆ ಒಂದು ಮೀಟರಿನಷ್ಟು. ದೊಡ್ಡ ದೋಣಿಗೆ ಅದು ಲೆಕ್ಕಕ್ಕಿಲ್ಲ. ತೋಡಿನಲ್ಲಿ ಲೆಕ್ಕವೆಲ್ಲ ಅದರದ್ದೇ. ಪೂರ್ತಿ ಇಳಿತವಾದರೆ ತಳ ಕೆಸರಿಗೆ ತಾಗಿ ಅಂಬಿಗ ಜಲ್ಲೆಯಿಂದ ತಳ್ಳುತ್ತಲೇ ಇರಬೇಕು, ಕಡವಿನ ಮೆಟ್ಟಿಲ ಕೊನೆಯದು ಪಾಚಿಗಟ್ಟಿ ಜಾರುತ್ತದೆ. ಪೂರ್ತಿ ಭರತವಾದರೆ ಕಾಲುಸಂಕಗಳ ಅಡಿಯಲ್ಲಿ ತಲೆ ತಗ್ಗಿಸಬೇಕು, ಚಾವಣಿ ಇರುವ ದೋಣಿಯಂತೂ ನುಸುಳುವುದೇ ಇಲ್ಲ. ನಡುಭರತ ಒಳ್ಳೆಯದು. ಬುಕ್ ಮಾಡುವ ದಿನ ‘ಅವತ್ತು ನೀರು ಎಷ್ಟು ಹೊತ್ತಿಗೆ ಏರುತ್ತದೆ’ ಎಂದು ಕೇಳಿ. ಉತ್ತರ ಹೇಳಬಲ್ಲವನಾದರೆ ಅವನಿಗೆ ದೋಣಿ ಗೊತ್ತು. ತಡವರಿಸಿದರೆ ಅವನು ಬರೀ ಟಿಕೆಟ್ ಮಾರುವವ.

ಗಾಳಿಯದು ಇನ್ನೊಂದು ಲೆಕ್ಕ. ಬೆಳಿಗ್ಗೆ ಕಾಯಲ್ ಕನ್ನಡಿಯಂತಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಅಗಲ ನೀರಿನಲ್ಲಿ ಸಣ್ಣ ಸಣ್ಣ ಅಲೆ ಒಂದರ ಹಿಂದೊಂದು ಬಡಿಯುತ್ತವೆ, ಸಣ್ಣ ದೋಣಿಗೆ ಅದು ಹಿತವಲ್ಲ. ಅಕ್ಟೋಬರ್-ನವೆಂಬರ್‌ನ ತುಲಾವರ್ಷದಲ್ಲೂ (ನಮ್ಮ ಹಿಂಗಾರು) ಏಪ್ರಿಲ್-ಮೇ ಹೊತ್ತಿನಲ್ಲೂ ಮಧ್ಯಾಹ್ನದ ನಂತರ ಗುಡುಗು-ಸಿಡಿಲು ಸಾಮಾನ್ಯ. ಮಧ್ಯಾಹ್ನ 2ರಿಂದ ರಾತ್ರಿ 10ರ ತನಕ ಎಚ್ಚರವಿರಲಿ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಹೇಳುತ್ತದೆ. ಬಯಲು ನೀರಿನಲ್ಲಿ ದೋಣಿಯೇ ಎತ್ತರದ ವಸ್ತು. ಹಾಗಾಗಿ ದೋಣಿ ಬೆಳಿಗ್ಗೆ, ಊಟ-ಅಂಗಡಿ-ಫೋರ್ಟ್ ಕೊಚ್ಚಿ ಆಮೇಲೆ. ಈ ಕ್ರಮವನ್ನು ತಿರುಗಿಸಬೇಡಿ. ತಡವಾದರೆ ಫೋರ್ಟ್ ಕೊಚ್ಚಿಯನ್ನು ಬಿಟ್ಟು ಹಡಗಿಗೆ ಮರಳಬಹುದು, ಅಲ್ಲಿಂದ ಬಂದರು ಹತ್ತಿರವೇ. ದೋಣಿಯನ್ನು ಕೊನೆಗಿಟ್ಟವರಿಗೆ ಆ ಅವಕಾಶವಿಲ್ಲ.

ಮಾರ್ಚ್ ನಂತರ ಕುಂಬಳಂಗಿಯಲ್ಲಿ ರಾತ್ರಿ ನೀರು ನೀಲಿಯಾಗಿ ಹೊಳೆಯುವ ‘ಕವರು’ ತೋರಿಸುತ್ತೇವೆಂದು ಮಾರುವವರಿದ್ದಾರೆ. ನೋಡಲು ಕತ್ತಲಾಗಬೇಕು. ಸಂಜೆ ಹೊರಡುವ ಹಡಗಿನವರಿಗೆ ಅದನ್ನು ಮಾರುವುದು ಶುದ್ಧ ಟೋಪಿ.

ಕನ್ನಡ ಬಲ್ಲ ಮಾರ್ಗದರ್ಶಕರು ಅಪರೂಪ. ಇಂಗ್ಲಿಷ್, ಹಿಂದಿಯವರು ಸಿಗುತ್ತಾರೆ. ಆದರೆ ಅಂಬಿಗನ ಮಲೆಯಾಳಂಗೆ ಕಿವಿಗೊಟ್ಟರೆ ತೋಡು, ಕಡವು, ತೆಂಗು, ಮೀನು ಎಲ್ಲ ತಾನಾಗಿ ತಿಳಿಯುತ್ತದೆ. ಅವನಿಗೆ ಕೊಡುವ ಕೈಕಾಣಿಕೆಯನ್ನು ಮಾರ್ಗದರ್ಶಕನ ಕೈಗಲ್ಲ, ಅವನ ಕೈಗೇ ಕೊಡಿ. ಚಿಲ್ಲರೆ ನೋಟು ಜೊತೆಗಿರಲಿ. ತೋಡಿನೊಳಗೆ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಯುಪಿಐಯೂ ಕೈಕೊಡುತ್ತದೆ. ಟೋಪಿಗೆ ಗಲ್ಲದ ದಾರ ಕಟ್ಟಿ. ಕೊಡೆ ಬೇಡ, ಗಾಳಿ ಹಿಡಿದರೆ ದೋಣಿಯೇ ತಿರುಗುತ್ತದೆ. ಪ್ಲಾಸ್ಟಿಕ್ ಬಾಟಲಿ ನೀರಿಗೆಸೆಯುವವರಿಗೆ ಈ ಪತ್ರದಲ್ಲಿ ಹೇಳುವಂಥದ್ದೇನಿಲ್ಲ, ಅಚ್ಚು ಹಾಕುವಂಥ ಮಾತು ಬರುವುದಿಲ್ಲ.

ಕೊನೆಯದು ಗಡಿಯಾರ. ಹಡಗಿನೊಳಗೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಡುವುದು ವಾಡಿಕೆ, ಇಲ್ಲದಿದ್ದರೆ ಹಡಗಿನ ಉಪಗ್ರಹ ಜಾಲಕ್ಕೆ ಸಿಕ್ಕಿ ಬಿಲ್ಲು ಏರುತ್ತದೆ. ದಡಕ್ಕೆ ಬಂದು ಫೋನು ತೆರೆದಾಗ ಅದು ಭಾರತದ ಸಮಯ ತೋರಿಸುತ್ತದೆ. ಹಡಗು ಮಾಲ್ಡೀವ್ಸ್ ಮುಟ್ಟಿ ಬಂದಿದ್ದು ಅಲ್ಲಿನ ಸಮಯವನ್ನೇ ಇಟ್ಟುಕೊಂಡಿದ್ದರೆ ಅರ್ಧ ಗಂಟೆ ವ್ಯತ್ಯಾಸ, ದುಬೈಯದ್ದಾದರೆ ಒಂದೂವರೆ ಗಂಟೆ. ಹತ್ತುವ ಗಡುವು ಯಾವ ಸಮಯದಲ್ಲಿದೆ ಎಂದು ಇಳಿಯುವ ಮುನ್ನ ಏಣಿಯ ಬಳಿಯ ಸಿಬ್ಬಂದಿಯನ್ನು ಕೇಳಿ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಹಾಳೆಯಲ್ಲಿ ಗಡುವಿನ ಜೊತೆಗೆ ಬಂದರಿನ ಏಜೆಂಟರ ದೂರವಾಣಿ ಸಂಖ್ಯೆಯೂ ಇರುತ್ತದೆ. ಫೋಟೊ ತೆಗೆದುಕೊಂಡರೆ ಸಾಲದು, ಫೋನು ನೀರಿಗೆ ಬೀಳುವುದುಂಟು. ಹಾಳೆಯನ್ನೇ ಮಡಚಿ ಕಿಸೆಯಲ್ಲಿಟ್ಟುಕೊಳ್ಳಿ.

ಇತಿ,
ತಮ್ಮ ಓದುಗರು